ವಿಷ್ಣುವರ್ಧನ ವೈಷ್ಣವನಾದ ಮೇಲೆ ಬಸದಿಗಳೆಲ್ಲ ಏನಾದವು?

ಪ್ರಶ್ನೆ: ಮೇಷ್ಟ್ರೇ, ಜೈನನಾಗಿದ್ದ ಹೊಯ್ಸಳ ರಾಜ ಬಿಟ್ಟಿದೇವ ರಾಮಾನುಜಾಚಾರ್ಯರಿಂದ ವೈಷ್ಣವನಾಗಿ ವಿಷ್ಣುವರ್ಧನನಾದ, ಆಮೇಲೆ ಬಸದಿಗಳನ್ನು ಕೆಡವಿಸಿ ಬೇಲೂರು ಕಟ್ಟಿಸಿದ ಅಂತ ಕೇಳಿದ್ದೇವೆ. ರಾಜ ಧರ್ಮ ಬದಲಿಸಿದರೆ ಕಟ್ಟಡಗಳೂ ಜನರೂ ಹೀಗೆ ಪೂರ್ತಿ ಬದಲಾಗಿಬಿಡುತ್ತಿದ್ದರೇ?

ಉತ್ತರ: ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲಂತೂ ಈ ಪ್ರಶ್ನೆಗೆ ಬಿಡುವೇ ಇಲ್ಲ. ಪ್ರವಾಸ ಹೋಗಿ ಬಂದವರೆಲ್ಲ ಇದನ್ನೇ ಕೇಳುತ್ತೀರಿ. ನಾನೂ ಇದನ್ನೇ ಹೇಳುತ್ತಿದ್ದೇನೆ, ಇನ್ನೊಂದು ಸಲ ಹೇಳುತ್ತೇನೆ. ಧರ್ಮ ಕಟ್ಟಡದ ರೂಪವನ್ನು ತಿದ್ದಿದ್ದು ನಿಜ. ಆದರೆ ನೀವು ಕೇಳಿದ ಕಥೆಯಂತೆ ಅಲ್ಲ.

ಮೊದಲು ಕಥೆಯ ಮೂಲ ನೋಡಿ. ರಾಮಾನುಜರು ಪರದೆಯ ಹಿಂದೆ ಕೂತು ಆದಿಶೇಷನ ರೂಪ ತಾಳಿ ಸಾವಿರ ಬಾಯಿಂದ ಜೈನರನ್ನು ವಾದದಲ್ಲಿ ಸೋಲಿಸಿದ್ದು, ಸೋತವರನ್ನು ರಾಜ ಗಾಣಕ್ಕೆ ಹಾಕಿಸಿದ್ದು, ದೋರಸಮುದ್ರದ (ಈಗಿನ ಹಳೇಬೀಡಿನ) 720 ಬಸದಿ ಕೆಡವಿದ್ದಕ್ಕೆ ಭೂಮಿ ಬಾಯಿಬಿಟ್ಟಿದ್ದು, ಇವೆಲ್ಲ ಐತಿಹ್ಯ ಮತ್ತು ಸ್ಥಳಪುರಾಣದ ಸರಕು. ಒಂದು ಕಡೆಯವರು ಗೆದ್ದೆವು ಎಂದು ಹೇಳಿಕೊಳ್ಳಲು ಕಟ್ಟಿದರು, ಇನ್ನೊಂದು ಕಡೆಯವರು ಶಾಪ ತಟ್ಟಿತು ಎನ್ನಲು ಕಟ್ಟಿದರು. ರಾಮಾನುಜರು ತೊಣ್ಣೂರು, ಮೇಲುಕೋಟೆಗಳಲ್ಲಿ ಇದ್ದರೆಂಬ ಪರಂಪರೆಯ ಬಗ್ಗೆ ನನ್ನ ತಕರಾರಿಲ್ಲ. ವಿಷ್ಣುವರ್ಧನನ ವಿಷ್ಣುಭಕ್ತಿಯ ಬಗ್ಗೆಯೂ ಇಲ್ಲ. ಆದರೆ ಗಾಣದ ಕಥೆಯನ್ನು ಅವನ ಕಾಲದ ಕಲ್ಲುಗಳ ಮುಂದೆ ಇಟ್ಟು ನೋಡಿ, ನಿಲ್ಲುವುದಿಲ್ಲ.

ಬೇಲೂರಿನ ದೇವರು ಪ್ರತಿಷ್ಠೆಯಾದದ್ದು 1117ರಲ್ಲಿ. ನಾವು ಚೆನ್ನಕೇಶವ ಎನ್ನುವ ದೇವರಿಗೆ ಆಗ ವಿಜಯನಾರಾಯಣ ಎಂಬ ಹೆಸರು. ಯಾವ ವಿಜಯ? ಚೋಳರಿಂದ ತಲಕಾಡನ್ನು ಕಸಿದುಕೊಂಡದ್ದು ಆಗಷ್ಟೇ. ಆ ಯುದ್ಧ ಗೆದ್ದುಕೊಟ್ಟ ದಂಡನಾಯಕ ಗಂಗರಾಜ ಅಪ್ಪಟ ಜೈನ. ಜೈನರನ್ನು ಗಾಣಕ್ಕೆ ಹಾಕುವ ರಾಜನಿಗೆ ಜೈನ ಸೇನಾಪತಿ ರಾಜ್ಯ ಗೆದ್ದುಕೊಡುತ್ತಾನೆಯೇ? ಇಷ್ಟು ಯೋಚಿಸಲು ಶಾಸನ ಓದಲು ಬರಬೇಕೆಂದೇನಿಲ್ಲ.

ಮನೆಯೊಳಗೆ ಬನ್ನಿ. ಪಟ್ಟದರಾಣಿ ಶಾಂತಲೆಯ ಅಪ್ಪ ಮಾರಸಿಂಗಯ್ಯ ಶೈವ, ಅಮ್ಮ ಮಾಚಿಕಬ್ಬೆ ಜೈನಳು. ಶಾಂತಲೆಯೂ ಜೈನಳೇ. ಬೇಲೂರು ಆಗಿ ಆರು ವರ್ಷಕ್ಕೆ, 1123ರಲ್ಲಿ, ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಬಸದಿ ಕೆಡವುವ ರಾಜನ ಹೆಂಡತಿ ಬಸದಿ ಕಟ್ಟಿಸಿದಳಂತೆ! ಅದಿರಲಿ, ಬೇಲೂರಿನ ಅಂಗಳದಲ್ಲಿ ಚೆನ್ನಕೇಶವನ ಪಕ್ಕದಲ್ಲೇ ಇರುವ ಕಪ್ಪೆ ಚೆನ್ನಿಗರಾಯನ ಗುಡಿ, ಅದೂ ವಿಷ್ಣುವಿನದೇ, ಅದನ್ನು ಮಾಡಿಸಿದವಳೂ ಇದೇ ಶಾಂತಲೆ. (ಕಲ್ಲೊಳಗಿನ ಕಪ್ಪೆಯ ಕಥೆ ಕೇಳಬೇಡಿ, ಅದಕ್ಕೆ ಇನ್ನೊಂದು ಅಂಕಣ ಬೇಕು.)

ಇಷ್ಟಕ್ಕೂ ಒಪ್ಪದವರಿಗೆ ಹಳೇಬೀಡಿನ ಪಾರ್ಶ್ವನಾಥ ಬಸದಿಯ ಶಾಸನ ಇದೆ. ಗಂಗರಾಜ ತೀರಿಕೊಂಡ ಮೇಲೆ ಅವನ ಮಗ ಬೊಪ್ಪ 1133ರಲ್ಲಿ, ರಾಜಧಾನಿಯ ನಡುವೆಯೇ, ಈ ಬಸದಿ ಕಟ್ಟಿಸಿದ. ಪ್ರತಿಷ್ಠೆ ಮುಗಿದ ಮೇಲೆ ಅರ್ಚಕರು ಪ್ರಸಾದ ಹಿಡಿದು ಬಂಕಾಪುರದಲ್ಲಿದ್ದ ರಾಜನ ಬಳಿ ಹೋಗುತ್ತಾರೆ. ಅವನಿಗೆ ಆಗಷ್ಟೇ ಯುದ್ಧದಲ್ಲಿ ಗೆಲುವಾಗಿದೆ, ಅತ್ತ ರಾಣಿ ಲಕ್ಷ್ಮಾದೇವಿಗೆ ಗಂಡುಮಗುವಾಗಿದೆ. ರಾಜ ಎದ್ದು ಕೈಮುಗಿದು ಗಂಧೋದಕ (ಅಭಿಷೇಕದ ನೀರು), ಶೇಷ (ಪ್ರಸಾದ) ಸ್ವೀಕರಿಸುತ್ತಾನೆ. ಈ ದೇವರ ಪ್ರತಿಷ್ಠೆಯ ಪುಣ್ಯದಿಂದಲೇ ಗೆಲುವೂ ಮಗನೂ ದೊರೆತದ್ದು ಎಂದು ದೇವರಿಗೆ ವಿಜಯಪಾರ್ಶ್ವ ಎಂದೂ ಮಗನಿಗೆ ವಿಜಯನರಸಿಂಹ ಎಂದೂ ಹೆಸರಿಡುತ್ತಾನೆ. ಬೇಲೂರಲ್ಲಿ ವಿಜಯನಾರಾಯಣ, ಇಲ್ಲಿ ವಿಜಯಪಾರ್ಶ್ವ. ಹದಿನಾರು ವರ್ಷ ಕಳೆದರೂ ರಾಜ ಅದೇ, ಪದ್ಧತಿಯೂ ಅದೇ. ಈ ನಡುವೆ ಅದೇ ಊರಲ್ಲಿ ಕೇತಮಲ್ಲನೆಂಬ ಅಧಿಕಾರಿ ಹೊಯ್ಸಳೇಶ್ವರ ಕಟ್ಟಿಸಲು ಶುರುಮಾಡಿದ್ದ. ಅದು ಶಿವನ ಗುಡಿ. ಅಲ್ಲಿನ ಎರಡನೇ ಲಿಂಗ ಶಾಂತಲೇಶ್ವರ, ಜೈನ ರಾಣಿಯ ಹೆಸರಿನದು.

ಆಗಿನ ಸಮಾಜ ನಡೆಯುತ್ತಿದ್ದುದೇ ಹೀಗೆ. ರಾಜನಿಗೆ ಒಬ್ಬ ಇಷ್ಟದೇವರು, ಹೆಂಡತಿಗೆ ಇನ್ನೊಬ್ಬ, ದಂಡನಾಯಕನಿಗೆ ಮತ್ತೊಬ್ಬ. ಕೈಲಿ ದುಡ್ಡಿದ್ದವರು ಅವರವರ ದೇವರಿಗೆ ಕಟ್ಟಿಸಿದರು, ಭೂಮಿ ದತ್ತಿ ಬಿಟ್ಟರು.

ಹಾಗಂತ ‘ಎಲ್ಲರೂ ಅಣ್ಣತಮ್ಮಂದಿರಂತೆ ಇದ್ದರು’ ಎಂದು ಬರೆದುಕೊಂಡು ಹೋಗಬೇಡಿ. ಅದು ಇನ್ನೊಂದು ಸುಳ್ಳು. ಹಾವೇರಿ ಜಿಲ್ಲೆಯ ಅಬ್ಬಲೂರಿಗೆ ಹೋಗಿ ನೋಡಿ. ಶಿವಭಕ್ತ ಏಕಾಂತದ ರಾಮಯ್ಯ ತಲೆ ಕಡಿದುಕೊಂಡು ಮತ್ತೆ ಪಡೆದ, ಜಿನಮೂರ್ತಿ ಒಡೆದ ಎಂಬುದನ್ನು ಅಲ್ಲಿನ ಶಿವಾಲಯದಲ್ಲಿ ಶಾಸನವಾಗಿ ಬರೆಸಿದ್ದಾರೆ, ಶಿಲ್ಪವಾಗಿಯೂ ಕೆತ್ತಿಸಿದ್ದಾರೆ, ಹೆಮ್ಮೆಯಿಂದಲೇ. ಜಗಳ ಆಮೇಲೂ ಇತ್ತು. 1368ರಲ್ಲಿ ಜೈನರು ವಿಜಯನಗರದ ಬುಕ್ಕರಾಯನ ಬಳಿ ದೂರು ಒಯ್ದರು. ಅವನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಕ್ಕೂ ಭೇದವಿಲ್ಲ ಎಂದು ತೀರ್ಪು ಕೊಟ್ಟ. ಅಲ್ಲಿಗೇ ಬಿಡಲಿಲ್ಲ. ಜೈನರ ಮನೆಮನೆಗೂ ವರ್ಷಕ್ಕೆ ಒಂದು ಹಣ (ಆಗಿನ ನಾಣ್ಯ) ಎತ್ತಿ, ಅದರಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು, ಉಳಿದ ದುಡ್ಡಲ್ಲಿ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ನೋಡಿಕೊಳ್ಳುವ ಹೊಣೆ ವೈಷ್ಣವರ ತಾತಯ್ಯ ಎಂಬವರದು! ಇಂಥ ಏರ್ಪಾಡು ಬೇಕಾಯಿತು ಎಂದರೆ ಜಗಳ ಇತ್ತು ಎಂದೇ ಲೆಕ್ಕ.

ಈಗ ನೀವು ಕೇಳದೆ ಬಿಟ್ಟ ಪ್ರಶ್ನೆ. ನಿಜಕ್ಕೂ ಕೇಳಬೇಕಾಗಿದ್ದು ಅದನ್ನೇ. ಒಂದೇ ಊರು, ಒಂದೇ ಕಾಲ, ಒಂದೇ ಬಳಪದ ಕಲ್ಲು. ಹೊಯ್ಸಳೇಶ್ವರದ ಹೊರಗೋಡೆಯಲ್ಲಿ ಬೆರಳಿಡಲು ಜಾಗವಿಲ್ಲ, ಪಾರ್ಶ್ವನಾಥ ಬಸದಿಯ ಹೊರಗೋಡೆ ಬೋಳು. ಯಾಕೆ?

ಉತ್ತರ ಪೂಜೆಯಲ್ಲಿದೆ. ಬೇಲೂರು, ಹಳೇಬೀಡುಗಳಲ್ಲಿ ಗರ್ಭಗುಡಿಯ ಸುತ್ತ ಒಳಗೆ ಪ್ರದಕ್ಷಿಣೆಗೆ ದಾರಿಯಿಲ್ಲ. ಹಾಗಾಗಿ ಗುಡಿಯ ಆಕಾರವನ್ನೇ ಅನುಸರಿಸಿ ಅಗಲವಾದ ಜಗತಿ (ಎತ್ತರದ ಕಟ್ಟೆ) ಮಾಡಿದರು, ಭಕ್ತ ಸುತ್ತು ಹಾಕುವುದು ಅದರ ಮೇಲೆ. ಸುತ್ತುವವನ ಎಡೆಬಿಡದ ಸಂಗಾತಿ ಗೋಡೆ: ಹಳೇಬೀಡಿನಲ್ಲಿ ಕೆಳಗೆ ಆನೆಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಕಣ್ಣಿನ ಮಟ್ಟ ಮುಟ್ಟುವಾಗ ರಾಮಾಯಣ, ಮಹಾಭಾರತ. ಗುಡಿಯನ್ನು ಬಲಕ್ಕಿಟ್ಟುಕೊಂಡು ನಡೆದಂತೆ ಕಥೆ ಮುಂದೆ ಸಾಗುತ್ತದೆ. ಅಕ್ಷರ ಬಾರದವರಿಗೂ ಪುರಾಣ ಗೊತ್ತಾಗುತ್ತಿದ್ದ ಬಗೆ ಇದು. ಬಸದಿಯಲ್ಲಿ ಮನಸ್ಸು ಒಳಕ್ಕೆ ಹೋಗಬೇಕು. ನವರಂಗದಲ್ಲಿ (ಗರ್ಭಗುಡಿಯ ಮುಂದಿನ ಮಂಟಪ) ಕನ್ನಡಿಯಂತೆ ಹೊಳೆಯುವ ಕಂಬಗಳು, ಆಚೆ ಕತ್ತಲಲ್ಲಿ ಆಳೆತ್ತರಕ್ಕೂ ಮೀರಿ ನಿಂತ ಪಾರ್ಶ್ವನಾಥ, ತಲೆಯ ಮೇಲೆ ಹಾವಿನ ಹೆಡೆ. ಅಷ್ಟೇ. ಖರ್ಚು ಮಾಡಿದ್ದೆಲ್ಲ ಒಳಗೆ.

‘ಹಾಗಾದರೆ ಜೈನ ಎಂದರೆ ಸರಳ, ಹಿಂದೂ ಎಂದರೆ ಆಡಂಬರ’ ಎಂದು ಯಾರಾದರೂ ಟಿಪ್ಪಣಿ ಮಾಡಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ: ಶ್ರವಣಬೆಳಗೊಳದ ಪಕ್ಕದ ಜಿನನಾಥಪುರದ ಶಾಂತಿನಾಥ ಬಸದಿ ನೋಡಿ. ಹೊರಗೋಡೆಯ ತುಂಬ ಶಿಲ್ಪ, ಯಾವ ಹೊಯ್ಸಳ ಗುಡಿಗೂ ಕಡಿಮೆಯಿಲ್ಲ. ಧರ್ಮ ಒಂದು ರೂಪವನ್ನು ಬಯಸಿತು, ಕಟ್ಟಿಸಿದವನ ಆಸೆ ಮತ್ತು ಶಿಲ್ಪಿಯ ಕೈ ಆ ಗೆರೆ ದಾಟಿದವು.

ಮುಂದಿನ ಸಲ ಹಳೇಬೀಡಿಗೆ ಹೋದಾಗ ಹೊಯ್ಸಳೇಶ್ವರದ ಮುಂದೆ ಸೆಲ್ಫಿ ತೆಗೆದು ಬಸ್ಸು ಹತ್ತಬೇಡಿ. ಬಸದಿಗಳು ನಡೆದು ಹೋಗುವಷ್ಟೇ ದೂರ, ಜನ ಇರುವುದಿಲ್ಲ. ಕಂಬದಲ್ಲಿ ನಿಮ್ಮ ಮುಖ ನೋಡಿಕೊಂಡು ಬನ್ನಿ, ಆಮೇಲೆ ಗಾಣದ ಕಥೆ ಹೇಳಿದ ಗೈಡಿಗೆ ವಿಜಯಪಾರ್ಶ್ವನ ಹೆಸರು ಯಾರು ಇಟ್ಟದ್ದು ಎಂದು ಕೇಳಿ.