‘ನಲ್ವತ್ತು ವರ್ಷದಿಂದ ನೋಡೀನಿ’ ಅಂದ್ರ ಕಾರಣ ಹೇಳಿದಂಗಾತೇನು?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಮಣ್ಣಿನ ರಿಪೋರ್ಟ್ ಇಟ್ಕೊಂಡು ರೈತರ ಜೊತಿ ಕೂತ್ರ ಒಂದು ಮಾತು ಬಂದೇ ಬರ್ತೈತಿ. "ಸರ, ನಮ್ಮ ದೊಡ್ಡಪ್ಪ ನಲ್ವತ್ತು ವರ್ಷದಿಂದ ಭತ್ತ ಹಚ್ಯಾನ, ಸವುಳಿಗೆ ಜಿಪ್ಸಮ್ ಹಾಕು ಅಂದಾನ, ಇನ್ನೇನು ಕೇಳೋದು?" ಕೇಳೋದು ಬಾಳ ಐತಿ. ದೊಡ್ಡಪ್ಪನ ಮ್ಯಾಲ ಗೌರವ ಇಟ್ಕೊಂಡೇ ಕೇಳಬೇಕು, ಯಾಕಂದ್ರ ಜಿಪ್ಸಮ್ ಚೀಲಕ್ಕ ರೊಕ್ಕ ಕೊಡೋರು ನೀವು, ಬೆಳೆ ಕೈಕೊಟ್ರ ಸಾಲ ನಿಲ್ಲೋದು ನಿಮ್ಮ ಹೆಸರಿನ ಮ್ಯಾಲ.

ಮೊದಲ ವಿಷಯ, ನಾವು ಸವುಳು ಅಂತ ಒಂದೇ ಹೆಸರಿಂದ ಕರಿಯೋ ಭೂಮಿಯೊಳಗ ಎರಡು ಬ್ಯಾರೆ ಬ್ಯಾರೆ ರೋಗ ಅದಾವ. ಒಂದು ಬರೇ ಉಪ್ಪಿನ ಭೂಮಿ, ಮ್ಯಾಲ ಬಿಳಿ ಪುಡಿ ಕೂಡ್ತೈತಿ, ಮಣ್ಣು ಉದುರುದುರಾಗೇ ಇರ್ತೈತಿ, ರಿಪೋರ್ಟಿನಾಗ ಇಸಿ (ಮಣ್ಣಿನಾಗ ಎಷ್ಟು ಉಪ್ಪು ಐತಿ ಅನ್ನೋ ಅಳತಿ) 4 ದಾಟಿರ್ತೈತಿ ಆದ್ರ ಪಿಎಚ್ (ಹುಳಿ-ಕ್ಷಾರದ ಅಳತಿ) 8.5 ರ ಒಳಗ ಇರ್ತೈತಿ. ಇನ್ನೊಂದು ಕ್ಷಾರದ್ದು, ಮಣ್ಣಿನ ಕಣಕ್ಕ ಸೋಡಿಯಂ ಅಂಟ್ಕೊಂಡಿರ್ತೈತಿ, ಆ ಸೋಡಿಯಂ ಪಾಲು ಶೇ. 15 ದಾಟಿ ಪಿಎಚ್ 8.5 ರ ಮ್ಯಾಲ ಹೋಗಿರ್ತೈತಿ, ಒಣಗಿದ್ರ ಕಲ್ಲಿನಂಗ ಬಿಗಿ, ನೀರು ಬಿಟ್ರ ಕೆಳಗ ಇಳಿಯೋದಿಲ್ಲ, ರಾಡಿಯಾಗಿ ಅಲ್ಲೇ ನಿಂತಿರ್ತೈತಿ. ಜಿಪ್ಸಮ್ ಕೆಲಸ ಮಾಡೋದು ಈ ಎರಡನೇದರಾಗ. ಅದರೊಳಗಿನ ಕ್ಯಾಲ್ಸಿಯಂ ಸೋಡಿಯಂನ ಕಣದಿಂದ ಬಿಡಿಸ್ತೈತಿ, ಬಿಟ್ಟ ಸೋಡಿಯಂ ನೀರಿನ್ಯಾಗ ಕರಗಿ ಹೊರಗ ಹೋಗಬೇಕು. ಹೊರಗ ಹೋಗಾಕ ಬಸಿಗಾಲುವೆ ಇಲ್ಲಂದ್ರ ಅದು ಅಲ್ಲೇ ಉಳೀತೈತಿ, ನೀವು ಎಷ್ಟು ಚೀಲ ಸುರಿದ್ರೂ ಅಷ್ಟ. ಮೊದಲನೇ ತರದ ಭೂಮಿಗಂತೂ ಜಿಪ್ಸಮ್ಮೇ ಬ್ಯಾಡ, ಒಳ್ಳೆ ನೀರು ನಿಲ್ಲಿಸಿ ಉಪ್ಪು ತೊಳೆದು ಬಸಿಸಿ ಹೊರಗ ಹಾಕಿದ್ರ ಸಾಕು.

ಹಂಗಾದ್ರ ದೊಡ್ಡಪ್ಪ ಸುಳ್ಳು ಹೇಳ್ತಾನೇನು? ಇಲ್ಲ. ಅವ್ರು ಹಾಕಿದ ವರ್ಷ ಭತ್ತ ಚಲೋ ಬಂದಿದ್ದು ಖರೇನೇ ಇರಬಹುದು. ಆದ್ರ ಆ ವರ್ಷ ಹೊಳಿಗೂ ಚಲೋ ನೀರು ಬಂದಿತ್ತೇನೋ, ಕಾಲುವೆ ತುಂಬಿ ಹರಿದು ಗದ್ದೆಯೊಳಗಿನ ಉಪ್ಪು ತಾನೇ ತೊಳ್ಕೊಂಡು ಹೋಗಿತ್ತೇನೋ, ಜಿಪ್ಸಮ್ಮಿಂದ ಆಗಿದ್ದು ಎಷ್ಟು ನೀರಿಂದ ಆಗಿದ್ದು ಎಷ್ಟು ಅಂತ ಬೇರ್ಪಡಿಸಿ ನೋಡಾಕ ಅವರ ಹತ್ರ ಏನೂ ಇರಲಿಲ್ಲ. ಅದೇ ಗದ್ದೆಯೊಳಗ ಐದು ಗುಂಟೆ ಜಿಪ್ಸಮ್ ಹಾಕದೇ ಬಿಟ್ಟಿದ್ರ ಒಂದೇ ಹಂಗಾಮಿನಾಗ ಗೊತ್ತಾಗ್ತಿತ್ತು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಾಗ 1843 ರಿಂದ ಗೋಧಿ ಹೊಲದಾಗ ಒಂದು ಪಟ್ಟಿಗೆ ಗೊಬ್ಬರಾನೇ ಹಾಕದೇ ಬಿಟ್ಕೊಂಡು ಬಂದಾರ, ಉಳಿದ ಪಟ್ಟಿಗಳ ಗೊಬ್ಬರ ಏನು ಮಾಡ್ತು ಅನ್ನೋದು ಆ ಖಾಲಿ ಪಟ್ಟಿ ಇರೋದಕ್ಕೇ ಗೊತ್ತಾಗೋದು. ಹೋಲಿಸಾಕ ಏನೂ ಇಲ್ಲದ ಅನುಭವ ಎಷ್ಟೇ ವರ್ಷದ್ದಾದ್ರೂ ಈ ಒಂದು ಪ್ರಶ್ನೆಗೆ ಉತ್ತರ ಕೊಡಂಗಿಲ್ಲ, ನನಗ ಇದರ ಬಗ್ಗೆ ಯಾವ ಅನುಮಾನಾನೂ ಇಲ್ಲ.

ಇನ್ನೊಂದು ವಿಷಯ ನಮ್ಮ ಭಾಗಕ್ಕ ಬಾಳ ಮುಖ್ಯ. ತುಂಗಭದ್ರಾ ಡ್ಯಾಮ್ ಮುಗಿದಿದ್ದು 1953 ರಾಗ. ಅದಕ್ಕಿಂತ ಮುಂಚೆ ಇದು ಜೋಳ, ಹತ್ತಿ ಬೆಳಿಯೋ ಒಣ ಎರಿ ಭೂಮಿ. ಎಡದಂಡೆ ಕಾಲುವೆ ಮಾಡಿದಾಗ ಲೆಕ್ಕ ಹಾಕಿದ್ದೂ ಹೆಚ್ಚಾಗಿ ಕಡಿಮಿ ನೀರಿನ ಬೆಳೆಗೇ, ಆಮ್ಯಾಲ ಭತ್ತ ಹಬ್ಬಿತು, ಅದೂ ವರ್ಷಕ್ಕ ಎರಡೆರಡು ಬೆಳೆ. ಎರಿ ಮಣ್ಣಿನಾಗ ನೀರು ಬೇಗ ಬಸಿಯೋದಿಲ್ಲ, ಕೆಳಗಿನ ನೀರಿನ ಮಟ್ಟ ಮ್ಯಾಲ ಏರಿತು, ಬಿಸಿಲಿಗೆ ನೀರು ಆರಿ ಅದರ ಜೊತಿ ಮ್ಯಾಲ ಬಂದ ಉಪ್ಪು ಅಲ್ಲೇ ಕೂತಿತು. ಅಂದ್ರ ಅಜ್ಜ ನೋಡಿದ ಭೂಮಿ, ದೊಡ್ಡಪ್ಪ ನೋಡಿದ ಭೂಮಿ, ನೀವು ನೋಡೋ ಭೂಮಿ ಮೂರೂ ಒಂದೇ ಸರ್ವೆ ನಂಬರಿನಾಗ ಇದ್ರೂ ಮಣ್ಣು ಒಂದೇ ಅಲ್ಲ. ಹಿರಿಯರ ಮಾತಿನ ಹಿಂದಿನ ಕಾರಣ ಗೊತ್ತಿದ್ರ ಅದು ಈಗಿನ ಮಣ್ಣಿಗೂ ಹೊಂದ್ತೈತೋ ಇಲ್ಲೋ ನೋಡಬಹುದು, ಕಾರಣ ಗೊತ್ತಿಲ್ಲದ್ರ ನೋಡೋದಾದ್ರೂ ಹೆಂಗ?

ಇದು ರೈತರಿಗಷ್ಟೇ ಹೇಳೋ ಮಾತಲ್ಲ, ನಮ್ಮ ಫೀಲ್ಡಿನವರಿಗೂ ಹೇಳೋದು. ಮೀಟಿಂಗಿನಾಗ ಹೊಸಾ ಹುಡುಗ ಒಬ್ಬ ಎದ್ದು "ಯಾಕ ಸರ" ಅಂದ್ರ "ನನ್ನ ಸರ್ವೀಸು ನಿನ್ನ ವಯಸ್ಸಿನಷ್ಟೈತಿ ಕೂಡ್ರಪಾ" ಅನ್ನೋದು ನಾ ಕಂಡಿದ್ದೈತಿ, ಆ ಹುಡುಗ ಮತ್ತ ಯಾವತ್ತೂ ಕೇಳೋದಿಲ್ಲ, ಅದು ನನಗ ಬಾಳ ಬ್ಯಾಸರ ತರ್ತೈತಿ. ಭತ್ತದ ಖೈರಾ ಅನ್ನೋದನ್ನ ತಗೊಳ್ರಿ. ನಾಟಿ ಮಾಡಿ ಎರಡು ಮೂರು ವಾರಕ್ಕ ಎಲಿ ಮ್ಯಾಲ ತುಕ್ಕಿನ ಬಣ್ಣದ ಚುಕ್ಕಿ ಬೀಳ್ತಾವ, ಪೈರು ಗಿಡ್ಡಾಗಿ ನಿಂತುಬಿಡ್ತೈತಿ. ನೋಡಿದ್ರ ಯಾರಿಗಾದ್ರೂ ರೋಗ ಅಂತಾನೇ ಅನ್ನಿಸ್ತೈತಿ. 1960 ರ ದಶಕದಾಗ ಪಂತನಗರದ ಕೃಷಿ ವಿಶ್ವವಿದ್ಯಾಲಯದಾಗ ವಿಜ್ಞಾನಿ ವೈ. ಎಲ್. ನೆನೆ ಅವ್ರು ಇದು ಜಿಂಕ್ ಕೊರತೆ ಅಂತ ಜಿಂಕ್ ಕೊಟ್ಟೇ ತೋರಿಸಿದ್ರು. ಕಾರಣ ಸಿಕ್ಕ ಮ್ಯಾಲ ಉಳಿದಿದ್ದೂ ಬಿಚ್ಕೊಳ್ತೈತಿ: ನೀರು ನಿಂತ, ಪಿಎಚ್ ಜಾಸ್ತಿ ಇರೋ ಮಣ್ಣಿನಾಗ ಜಿಂಕ್ ಬೇರಿಗೆ ಸಿಗೋದಿಲ್ಲ, ರಂಜಕ ಇರೋ ಡಿಎಪಿ ಗೊಬ್ಬರ ಜಾಸ್ತಿ ಸುರಿದ್ರ ಇನ್ನೂ ಕಷ್ಟ, ಜಿಂಕ್ ಸಲ್ಫೇಟನ್ನ ಡಿಎಪಿ ಜೊತಿ ಕಲಸಿ ಹಾಕಬಾರದು. ಆದ್ರೂ ಇವತ್ತಿಗೂ ಗೊಬ್ಬರದಂಗಡಿಯಾಗ "ನಾವು ಎಷ್ಟು ವರ್ಷದಿಂದ ಕೊಡ್ತೀವಿ" ಅಂತ ರೋಗದ ಎಣ್ಣಿ ಕೊಡೋರು ಅದಾರ. ಮಣ್ಣು ಆರೋಗ್ಯ ಕಾರ್ಡ್ 2015 ರಾಗ ಶುರುವಾತು, ಒಳ್ಳೆ ಯೋಜನೆ, ಆದ್ರ ಕಾರ್ಡ್ ಕೈಗೆ ಕೊಟ್ಟು ಯಾಕ ಅಂತ ಹೇಳದೇ ಬಂದ್ರ ಅದೂ ದೊಡ್ಡಪ್ಪನ ಮಾತಿನಂಗ ಇನ್ನೊಂದು ಆರ್ಡರ್ ಆಗ್ತೈತಿ, ರೈತ ಅದನ್ನ ಟ್ರಂಕಿನಾಗ ಇಟ್ಟುಬಿಡ್ತಾನ.

ಹಿರಿಯರ ಅನುಭವ ಬ್ಯಾಡ ಅಂತ ನಾ ಹೇಳ್ತಿಲ್ಲ, ಅದು ಇಲ್ಲದ್ರ ನಮ್ಮ ಲ್ಯಾಬು ಅರ್ಧ ಕುರುಡು. "ಹಾಕು" ಅನ್ನೋ ಮಾತನ್ನ ಬಿಟ್ಟು "ಏನು ನೋಡಿದ್ರಿ" ಅಂತ ಕೇಳಿದ್ರ ಅದೇ ದೊಡ್ಡಪ್ಪ ಹೇಳ್ತಾರ, ಬಿಳಿ ಮೊದಲು ಕಾಣಿಸಿದ್ದು ಯಾವ ಮೂಲಿಯಾಗ, ಮ್ಯಾಲಿನ ಗದ್ದೆಯವ್ರು ಭತ್ತಕ್ಕ ಇಳಿದ ಮ್ಯಾಲೋ ಮುಂಚೇನೋ, ಹಳ್ಳಕ್ಕ ಹೋಗೋ ಗಟಾರ ಯಾವಾಗ ಮುಚ್ಚಿತು. ಇದ್ಯಾವುದೂ ಪಿಎಚ್ ಮೀಟರಿನಾಗ ಬರೋದಿಲ್ಲ. ಎಷ್ಟೋ ಕಡೆ ಜಿಪ್ಸಮ್ಮಿಗಿಂತ ಆ ಮುಚ್ಚಿದ ಗಟಾರ ತೆಗಿಸೋದೇ ಮೊದಲ ಕೆಲಸ ಅಂತ ಗೊತ್ತಾಗೋದು ಇಂಥ ಮಾತಿಂದಾನೇ.

ಹಂಗಾಗಿ ಬೇಸಿಗಿ ಬೆಳೆ ಕೊಯ್ದು ಗದ್ದೆ ಖಾಲಿ ಇದ್ದಾಗ ಮಣ್ಣು ತೆಗೀರಿ, ಬದುವಿನ ಹತ್ರ, ತಿಪ್ಪಿ ಇದ್ದ ಜಾಗದಾಗ ಬ್ಯಾಡ, ಆರಿಂಚು ಆಳದ್ದು ಒಂದು ಕಡೆ, ಮ್ಯಾಲಿನ ಬಿಳಿ ಪದರದ್ದು ಬ್ಯಾರೆ ಚೀಲದಾಗ. ತೆಗಿಯೋವಾಗ ಮನಿ ಹಿರಿಯರನ್ನ ಜೊತಿಗೆ ಕರ್ಕೊಂಡು ಹೋಗ್ರಿ, ಅವ್ರು ಹೇಳಿದ್ದನ್ನ ಚೀಲದ ಚೀಟಿ ಹಿಂದ ಬರೀರಿ. ರಿಪೋರ್ಟ್ ಬಂದ ಮ್ಯಾಲ ನಾವು ಏನಾದ್ರೂ ಹಾಕ್ರಿ ಅಂದ್ರ ಯಾಕ ಅಂತ ನಮ್ಮನ್ನೂ ಕೇಳ್ರಿ, ಮತ್ತ ಐದು ಗುಂಟೆ ಹಾಕದೇ ಬಿಡ್ರಿ.