ಸಹಿ ಇಬ್ಬರದು, ಜಗಳ ಮನೆಮಂದಿಯದು

“ನಮ್ಮನೇಲಿ ನಾನು ಹೇಳಿದ್ದೇ ಆಖೈರು ಸಾರ್” ಎನ್ನುವ ಯಜಮಾನರನ್ನು ಕಂಡರೆ ನನಗೆ ಈಗೀಗ ತಾಳ್ಮೆ ಉಳಿಯುವುದಿಲ್ಲ. ನೆರೆಹೊರೆಯ ವ್ಯಾಜ್ಯಗಳಿಗೆ ಮಧ್ಯಸ್ಥಿಕೆದಾರನಾಗಿ ಕೂರುವ ನನ್ನೆದುರು ಬರುವುದು ಬಹುಪಾಲು ಇಬ್ಬರು ಗಂಡಸರು. ಬದು, ಬಚ್ಚಲ ನೀರು, ಗಾಡಿ ನಿಲ್ಲಿಸುವ ಜಾಗ. ರಾಜಿಪತ್ರಕ್ಕೆ ಸಹಿ ಹಾಕಿ ಹೋಗುತ್ತಾರೆ. ಮನೆಯಲ್ಲಿ ಯಾರನ್ನೂ ಕೇಳಿರುವುದಿಲ್ಲ.

ಒಂದು ಪ್ರಕರಣ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿ. ಪಕ್ಕದವರ ತೆಂಗಿನ ಗರಿ ಬಿದ್ದು ಹೆಂಚು ಒಡೆದಿತ್ತು. ಹೆಂಚಿನ ದುಡ್ಡು ಕೊಡುವುದು, ವರ್ಷಕ್ಕೆರಡು ಸಲ ಒಣಗರಿ ಕೀಳಿಸುವುದು ಎಂದು ಒಪ್ಪಂದವಾಯಿತು. ಸಂಕ್ರಾಂತಿಗೆ ಆ ಮನೆಯ ಹುಡುಗಿ ಎಳ್ಳು ಬೀರಲು ಬಂದಳು. ಈ ಮನೆಯ ಅಜ್ಜಿ ಪೊಟ್ಟಣ ಇಸಿದುಕೊಂಡು, ಮಗು ಗೇಟು ದಾಟುವ ಮುಂಚೆಯೇ ಕಬ್ಬಿನ ತುಂಡಿನ ಸಮೇತ ಚರಂಡಿಗೆ ಸುರಿದರು. ಸಂಜೆಗೆ ಎರಡೂ ಮನೆಯವರು ಪೊಲೀಸ್ ಠಾಣೆಯಲ್ಲಿ.

ಮುಂದಿನ ಸಲ ಅಜ್ಜಿಯನ್ನು ಕರೆತರಲೇಬೇಕೆಂದು ಹಟ ಹಿಡಿದೆ. “ನನ್ನನ್ನ ಯಾರಪ್ಪಾ ಕೇಳಿದ್ರು? ನಮ್ಮ ಯಜಮಾನ್ರ ಮಣ್ಣಿಗೇ ಬರ್ಲಿಲ್ಲ ಅವರು” ಎಂದರು. ಆ ಮನೆಯಾಕೆ ಅಳುತ್ತಾ, “ಮನೇಲಿ ಹಸಿ ಬಾಣಂತಿ ಇದ್ಲಲ್ಲಜ್ಜೀ, ಹೆಂಗೆ ಬರ್ಲಿ?” ಎಂದರು. ಹೆಂಚಿನ ಮಾತೇ ಆಮೇಲೆ ಬರಲಿಲ್ಲ.

2023ರ ಮಧ್ಯಸ್ಥಿಕೆ ಕಾಯ್ದೆಯ 43 ಮತ್ತು 44ನೇ ಕಲಂಗಳು ಬಡಾವಣೆಯ ಶಾಂತಿ ಕದಡುವಂಥ ಜಗಳಗಳಿಗೆ ಸಮುದಾಯ ಮಧ್ಯಸ್ಥಿಕೆಯ ದಾರಿ ಹೇಳುತ್ತವೆ. ಮೂವರು ಮಧ್ಯಸ್ಥಿಕೆದಾರರು ಕೂರಬೇಕು. ಆದರೆ ಅಲ್ಲಾದ ಒಪ್ಪಂದ ಸಿವಿಲ್ ಕೋರ್ಟಿನ ಡಿಕ್ರಿಯಂತೆ, ಅಂದರೆ ತೀರ್ಪಿನ ಆದೇಶದಂತೆ, ಜಾರಿಯಾಗದು ಎಂದೂ ಅದೇ ಕಾಯ್ದೆ ಸ್ಪಷ್ಟವಾಗಿ ಬರೆದಿದೆ. ಕಾಯ್ದೆಯ ಎಲ್ಲ ಕಲಂಗಳೂ ಒಟ್ಟಿಗೆ ಜಾರಿಗೆ ಬಂದಿಲ್ಲ, ನಿಮ್ಮ ವಕೀಲರನ್ನು ಕೇಳಿಕೊಳ್ಳಿ. ಲೋಕ ಅದಾಲತ್ತಿನ ರಾಜಿಗೆ ಡಿಕ್ರಿಯ ಬಲವಿದೆ, ನಿಜ. ಆ ಬಲದಿಂದ ಹೆಂಚಿನ ದುಡ್ಡು ವಸೂಲಾದೀತು. “ಆ ಮನೆ ಮಕ್ಕಳ ಜೊತೆ ಆಡಬೇಡ” ಎಂದು ಅಡುಗೆಮನೆಯಲ್ಲಿ ಹೇಳುವ ಮಾತನ್ನು ಕೋರ್ಟಿನ ಆದೇಶ ಜಾರಿ ಮಾಡುವ ಯಾವ ಅಮೀನನೂ ಬಂದು ತಡೆಯಲಾರ. ಸಹಿ ಹಾಕುವ ಮುಂಚೆ ಮನೆಯಲ್ಲಿ ಕೂತು ಮಾತಾಡಿ ಎಂದು ನಾನು ಗೋಗರೆಯುವುದು ಇದಕ್ಕೇ. ಸೊಸೆಯನ್ನು ಕೇಳಿ, ಕಾಲೇಜಿಗೆ ಹೋಗುವ ಮಗನನ್ನು ಕೇಳಿ. ಜಗಳವನ್ನು ದಿನವೂ ಎದುರಿಸುವವರು ಅವರು.

ಹೊಡೆತ ಬಡಿತ, ಬೆದರಿಕೆ ಇರುವಲ್ಲಿ ಈ ಮಾತು ಅನ್ವಯಿಸದು. ಅಲ್ಲಿ ಮೊದಲು ಪೊಲೀಸರ ಬಳಿ ಹೋಗಿ.

ಮಿಕ್ಕಂತೆ, ನಾನೀಗ ಕರಡನ್ನು ಎರಡೂ ಮನೆಗೆ ಕೊಟ್ಟು ಕಳಿಸುತ್ತೇನೆ. ಎಲ್ಲರೂ ಓದಿಯೋ ಓದಿಸಿಕೊಂಡೋ ಬಂದ ಮೇಲಷ್ಟೇ ಸಹಿ. ಒಂದು ವಾರ ತಡವಾಗುತ್ತದೆ, ಆಗಲಿ.