ವಠಾರಕ್ಕೆಲ್ಲ ಒಂದೇ ಕರೆಗಂಟೆ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ತಿರುವಿದ ಉಕ್ಕಿನ ಶಾಫ್ಟ್‌ಗಳ ಮೇಲೆ ಆಗೊಮ್ಮೆ ಈಗೊಮ್ಮೆ ಕೂದಲೆಳೆಯಂಥ ಗೆರೆ ಬೀಳುತ್ತಿತ್ತು. ಹತ್ತು ಶಾಫ್ಟ್ ನುಣ್ಣಗೆ, ಹನ್ನೊಂದನೆಯದಕ್ಕೆ ಗೆರೆ. “ಕ್ಯಾಮೆರಾ ಕಿತ್ತಿಟ್ಟರೆ ಗೆರೆ ಬೀಳುವುದಿಲ್ಲ ಸರ್” ಎಂದರು ಆಪರೇಟರ್. ತಪಾಸಣೆಗೆಂದು ಹೊಸದಾಗಿ ಜೋಡಿಸಿದ್ದ ಯುಎಸ್‌ಬಿ ಕ್ಯಾಮೆರಾ ಅದು. ಕೇಬಲ್ ಬದಲಿಸಿ, ಅರ್ತಿಂಗ್ ಅಳೆದು ಎರಡು ದಿನ ಕಳೆದೆವು. ಗೆರೆ ಜಗ್ಗಲಿಲ್ಲ.

ಯಂತ್ರವನ್ನು ನಡೆಸುತ್ತಿದ್ದುದು ಪ್ರೀಎಂಪ್ಟ್-ಆರ್‌ಟಿ ಪ್ಯಾಚ್, ಅಂದರೆ ಕೆಲಸಗಳು ಹೇಳಿದ ಹೊತ್ತಿಗೇ ನಡೆಯುವಂತೆ ಮಾಡುವ ತಿದ್ದುಪಡಿ, ಹಾಕಿದ ಲಿನಕ್ಸ್. (2024ರ 6.12 ಆವೃತ್ತಿಯಿಂದೀಚೆಗೆ ಅದು ಲಿನಕ್ಸಿನ ತಿರುಳಾದ ಮೂಲ ಕರ್ನಲ್‌ನಲ್ಲೇ ಸೇರಿದೆ. ಆಗ ನಾವೇ ಹೊಲಿದುಕೊಳ್ಳಬೇಕಿತ್ತು.) ಚಲನೆ ನಿಯಂತ್ರಿಸುವ ಹಳೆಯ ಪಿಸಿಐ ಕಾರ್ಡ್ (ಕಂಪ್ಯೂಟರಿನ ಸ್ಲಾಟಿಗೆ ಸಿಕ್ಕಿಸುವಂಥದ್ದು) ಪ್ರತಿ ಮಿಲಿಸೆಕೆಂಡಿಗೊಮ್ಮೆ ಇಂಟರಪ್ಟ್, ಅಂದರೆ ಪ್ರೊಸೆಸರನ್ನು ತಡೆದು ಗಮನ ಸೆಳೆಯುವ ಕರೆ, ಎಬ್ಬಿಸಬೇಕು; ಆ ಕರೆಗೆ ನಿಯಂತ್ರಣದ ಪ್ರೋಗ್ರಾಂ ಎದ್ದು ಉಪಕರಣದ ಮುಂದಿನ ಹೆಜ್ಜೆ ಹೇಳಬೇಕು. ಕರ್ನಲ್ ಎಷ್ಟು ತಡಮಾಡುತ್ತದೆಂದು ಅಳೆಯುವ ಸೈಕ್ಲಿಕ್‌ಟೆಸ್ಟ್ ಪ್ರೋಗ್ರಾಂ ರಾತ್ರಿಯಿಡೀ ಓಡಿಸಿದೆ. ಅತಿ ಹೆಚ್ಚೆಂದರೆ 40 ಮೈಕ್ರೊಸೆಕೆಂಡ್ ವಿಳಂಬ. ಕರ್ನಲ್ ನಿರ್ದೋಷಿ ಎಂದು ತೀರ್ಪು ಕೊಟ್ಟುಬಿಟ್ಟೆ. ಆದರೆ ಸೈಕ್ಲಿಕ್‌ಟೆಸ್ಟ್ ಅಳೆಯುವುದು ಟೈಮರಿನ ದಾರಿಯನ್ನು. ಕಾರ್ಡಿನ ದಾರಿಯೇ ಬೇರೆ. ಮೊದಲೇ ನೋಡಬೇಕಿದ್ದ ಇಂಟರಪ್ಟ್ ಪಟ್ಟಿಯನ್ನು ಮೂರನೆಯ ದಿನ ತೆರೆದೆ. 16ನೇ ಸಾಲಿನಲ್ಲಿ ಎರಡು ಹೆಸರುಗಳಿದ್ದವು: ನಮ್ಮ ಕಾರ್ಡ್, ಜೊತೆಗೆ ಯುಎಸ್‌ಬಿ ನಿಯಂತ್ರಕ.

ಹಳೆಯ ವಠಾರಗಳನ್ನು ನೆನೆಯಿರಿ. ಗೇಟಿಗೆ ಒಂದೇ ಕರೆಗಂಟೆ. ಅದು ಬಾರಿಸಿದರೆ ಎಲ್ಲ ಮನೆಯವರೂ ಹೊರಗೆ ಬಂದು ಇಣುಕಬೇಕು. ತಮ್ಮ ನೆಂಟರಲ್ಲದಿದ್ದರೆ “ನಮಗಲ್ಲ” ಎಂದು ಒಳಗೆ ಹೋಗಬೇಕು. ಪಿಸಿಐ ವ್ಯವಸ್ಥೆ ಇದೇ. ನಾಲ್ಕೇ ಇಂಟರಪ್ಟ್ ತಂತಿಗಳನ್ನು ಎಲ್ಲ ಸ್ಲಾಟುಗಳೂ ಹಂಚಿಕೊಳ್ಳುತ್ತವೆ. ತಂತಿ ಮಟ್ಟವನ್ನು ನೋಡುವಂಥದ್ದು, ಅಂದರೆ ಕರೆದ ಸಾಧನ ಸಮಾಧಾನವಾಗುವವರೆಗೂ ಗಂಟೆ ಬಾರಿಸುತ್ತಲೇ ಇರುತ್ತದೆ. ಸಾಮಾನ್ಯ ಲಿನಕ್ಸ್‌ನಲ್ಲಿ ಹ್ಯಾಂಡ್ಲರುಗಳು (ಕರೆಗೆ ಓಗೊಡುವ ಪುಟ್ಟ ಪ್ರೋಗ್ರಾಂಗಳು) ಇಂಟರಪ್ಟ್ ಸಂದರ್ಭದಲ್ಲೇ ಒಂದರ ಹಿಂದೆ ಒಂದು ಓಡಿ ಮುಗಿಯುತ್ತವೆ. ಆರ್‌ಟಿ ಕರ್ನಲ್‌ನಲ್ಲಿ ಹಾಗಲ್ಲ. ಪ್ರತಿ ಹ್ಯಾಂಡ್ಲರೂ ಒಂದೊಂದು ಥ್ರೆಡ್, ಅಂದರೆ ತನ್ನಷ್ಟಕ್ಕೆ ಓಡುವ ಪ್ರತ್ಯೇಕ ಕೆಲಸ. ಅದಕ್ಕೂ ಆದ್ಯತೆ ಇದೆ, ಸರದಿ ಇದೆ. ಗಂಟೆ ಬಾರಿಸಿದ ಕೂಡಲೇ ಕರ್ನಲ್ ಮಾಡುವುದು ಎರಡು ಕೆಲಸ: ಗಂಟೆಯ ಬಾಯಿಗೆ ಬಟ್ಟೆ ತುರುಕುವುದು, ಎಲ್ಲ ಥ್ರೆಡ್‌ಗಳನ್ನೂ ಎಬ್ಬಿಸುವುದು. ಬಟ್ಟೆ ತೆಗೆಯುವುದು ಕೊನೆಯ ಥ್ರೆಡ್ ಒಳಗೆ ಹೋದ ಮೇಲೆಯೇ.

ಗೆರೆಯ ಮೂಲ ಆ “ಕೊನೆಯ ಥ್ರೆಡ್” ಎಂಬುದರಲ್ಲಿತ್ತು. ನಮ್ಮ ಕಾರ್ಡಿನ ಥ್ರೆಡ್‌ಗೆ 80ರ ಆದ್ಯತೆ ಕೊಟ್ಟಿದ್ದೆವು. ನಿಯಂತ್ರಣಕ್ಕೆ 75. ಕ್ಯಾಮೆರಾ ಚಿತ್ರಗಳನ್ನು ಪರಿಶೀಲಿಸುವ ಪ್ರೋಗ್ರಾಂಗೆ 60. ಅದು ಒಮ್ಮೆ ಹಿಡಿದರೆ ನಾಲ್ಕೈದು ಮಿಲಿಸೆಕೆಂಡ್ ಪ್ರೊಸೆಸರ್ ಬಿಡದು. ಬಿಡದಿದ್ದರೇನು, 75 ಮತ್ತು 80 ಅದನ್ನು ತಳ್ಳಿ ಮುಂದೆ ಬರುತ್ತವಲ್ಲ ಎಂಬುದು ನಮ್ಮ ಲೆಕ್ಕ. ಯುಎಸ್‌ಬಿ ಥ್ರೆಡ್‌ನ ಆದ್ಯತೆಯನ್ನು ಯಾರೂ ಮುಟ್ಟಿರಲಿಲ್ಲ, ಹಾಗಾಗಿ ಕರ್ನಲ್ ಕೊಡುವ 50ರಲ್ಲೇ ಇತ್ತು.

ಈಗ ಒಂದು ಮಿಲಿಸೆಕೆಂಡನ್ನು ಹತ್ತಿರದಿಂದ ನೋಡಿ. ಕಾರ್ಡ್ ಗಂಟೆ ಬಾರಿಸಿತು, ತಂತಿಯ ಬಾಯಿ ಮುಚ್ಚಿತು. ಕಾರ್ಡಿನ ಥ್ರೆಡ್ ತಕ್ಷಣ ಓಡಿ ಕೆಲಸ ಮುಗಿಸಿತು, ನಿಯಂತ್ರಣವೂ ಮುಗಿಸಿತು. ಇನ್ನು ಯುಎಸ್‌ಬಿ ಥ್ರೆಡ್ ಬಂದು “ನಮಗಲ್ಲ” ಎನ್ನಬೇಕು, ಅಷ್ಟೇ. ಆದರೆ ಅಷ್ಟು ಹೇಳುವುದಕ್ಕೂ ಸರದಿ ಬರಬೇಕಲ್ಲ? ಮುಂದೆ 60ರ ಚಿತ್ರ ಪರಿಶೀಲನೆ ಕಾಲು ಚಾಚಿ ಕುಳಿತಿದೆ. ಅದು ಏಳುವವರೆಗೆ ತಂತಿ ಮೂಕ. ಕಾರ್ಡ್ ಮತ್ತೆ ಕರೆಯುತ್ತದೆ, ಯಾರಿಗೂ ಕೇಳಿಸದು. ಮೂರು ನಾಲ್ಕು ಹೆಜ್ಜೆ ತಪ್ಪುತ್ತವೆ. ಶಾಫ್ಟಿನ ಮೇಲೆ ಗೆರೆ.

ಇದು ಆದ್ಯತೆ ತಲೆಕೆಳಗಾಗುವ, ಅಂದರೆ ಮೇಲಿನ ಆದ್ಯತೆಯವನು ಕೆಳಗಿನವನಿಗಾಗಿ ಕಾಯಬೇಕಾಗುವ ಹಳೆಯ ಕಾಯಿಲೆಯೇ, ಆದರೆ ಮಾಮೂಲಿ ಔಷಧ ನಾಟುವುದಿಲ್ಲ. ಒಂದು ಸಲಕ್ಕೆ ಒಬ್ಬರ ಬಳಿ ಮಾತ್ರ ಇರಬಲ್ಲ ಲಾಕ್ ಎಂಬ ಬೀಗಕ್ಕೆ ಒಡೆಯನಿದ್ದಾನೆ, ಅವನಿಗೆ ಕಾಯುವವನ ಆದ್ಯತೆಯನ್ನು ಸಾಲ ಕೊಟ್ಟು ಬೇಗ ಸಾಗಹಾಕಬಹುದು. ಮುಚ್ಚಿದ ತಂತಿಗೆ ಒಡೆಯನೇ ಇಲ್ಲ, ಸಾಲ ಕೊಡುವುದು ಯಾರಿಗೆ? ಸಿಟ್ಟಿನಲ್ಲಿ ಕಾರ್ಡಿನ ಥ್ರೆಡ್ಡನ್ನು 90ಕ್ಕೆ ಏರಿಸಿದೆ. ಏನೂ ಆಗಲಿಲ್ಲ, ಆಗಬಾರದು ಕೂಡ. ಏರಬೇಕಾದ್ದು ನಮ್ಮದಲ್ಲ, ನೆರೆಮನೆಯದು. ಯುಎಸ್‌ಬಿ ಥ್ರೆಡ್ಡನ್ನು 70ಕ್ಕೆ ಏರಿಸಿದ ಮಧ್ಯಾಹ್ನ ಗೆರೆ ನಿಂತಿತು.

ಹುಡುಕುವ ಭರದಲ್ಲಿ ಕಾರ್ಡನ್ನು ನಡೆಸುವ ನಮ್ಮ ಡ್ರೈವರ್ ಪ್ರೋಗ್ರಾಮನ್ನೂ ತಿರುವಿ ಹಾಕಿದೆ, ಅಲ್ಲೂ ಹುಳುಕಿತ್ತು. ಹ್ಯಾಂಡ್ಲರ್, ಕರೆ ತನ್ನ ಕಾರ್ಡಿನದೇ ಎಂದು ತಿಳಿಸುವ ಸ್ಥಿತಿ ರಿಜಿಸ್ಟರನ್ನು ಓದದೆಯೇ ಪ್ರತಿ ಸಲವೂ “ನನ್ನದೇ, ಮುಗಿಸಿದೆ” ಎನ್ನುತ್ತಿತ್ತು. ಈ ಸುಳ್ಳು ದುಬಾರಿ. ಒಂದು ಲಕ್ಷ ಕರೆಗಳಲ್ಲಿ 99,900ಕ್ಕಿಂತ ಹೆಚ್ಚನ್ನು ಯಾರೂ ತಮ್ಮದೆನ್ನದಿದ್ದರೆ ಕರ್ನಲ್ “ನೋಬಡಿ ಕೇರ್ಡ್” (ಯಾರೂ ಕೇಳಲಿಲ್ಲ) ಎಂದು ಕೂಗಿ ಆ ತಂತಿಯನ್ನೇ ಮುಚ್ಚುತ್ತದೆ; ಸುಳ್ಳು ಹೇಳುವ ನೆರೆಯವನಿದ್ದರೆ ಆ ಕಾವಲು ಕುರುಡಾಗುತ್ತದೆ. ಇನ್ನೊಂದೆಡೆ ನಮ್ಮವರು ಸೆಟ್ಟಿಂಗ್ ಬದಲಿಸುವಾಗ ಡಿಸೇಬಲ್-ಐಆರ್‌ಕ್ಯೂ ಎಂಬ ಆಜ್ಞೆ ಕೊಡುತ್ತಿದ್ದರು, ಅಂದರೆ ನಮ್ಮ ಮನೆಯಲ್ಲಿ ಮಗು ಮಲಗಿದೆಯೆಂದು ಇಡೀ ವಠಾರದ ಗಂಟೆಯ ತಂತಿಯನ್ನೇ ಕತ್ತರಿಸುವುದು. ಸಾಧನದೊಳಗಿನ ಇಂಟರಪ್ಟನ್ನು ಮಾತ್ರ ಆರಿಸಬೇಕು. ಹ್ಯಾಂಡ್ಲರ್ ನೋಂದಾಯಿಸಿದ ಮರುಕ್ಷಣವೇ ನೆರೆಯವನ ಕರೆಗೆ ಅದು ಓಡಬಹುದೆಂಬುದನ್ನೂ ಮರೆತಿದ್ದರು. ಆಗ ಅದು ಬಳಸುವ ದತ್ತಾಂಶದ ವಿಳಾಸ (ಪಾಯಿಂಟರ್) ಇನ್ನೂ ಸಿದ್ಧವಾಗಿರದಿದ್ದರೆ ಕರ್ನಲ್ ಅಲ್ಲೇ ಕುಸಿಯುತ್ತದೆ.

ನಮ್ಮ ಹ್ಯಾಂಡ್ಲರನ್ನು ಮಾತ್ರ ಥ್ರೆಡ್ ಆಗದಂತೆ ನೋಂದಾಯಿಸಿ ಪಾರಾಗೋಣವೆಂದೂ ನೋಡಿದೆ. ನೆರೆಯವನ ನೋಂದಣಿಯ ಫ್ಲ್ಯಾಗಿಗೂ (ಷರತ್ತಿನ ಗುರುತು) ನಮ್ಮದಕ್ಕೂ ತಾಳೆಯಾಗದೆ ಕರ್ನಲ್ ನೋಂದಣಿಯನ್ನೇ ತಿರಸ್ಕರಿಸಿತು. ಎಂಎಸ್‌ಐ (ಸಂದೇಶದ ಮೂಲಕ ಇಂಟರಪ್ಟ್ ಕಳಿಸುವ ವ್ಯವಸ್ಥೆ) ಇರುವ ಕಾರ್ಡಾಗಿದ್ದರೆ ಈ ತಂಟೆಯೇ ಇಲ್ಲ. ಅಲ್ಲಿ ತಂತಿಯ ಬದಲು ಮೆಮೊರಿಗೊಂದು ಬರಹ, ಮನೆಮನೆಗೂ ಬೇರೆ ಗಂಟೆ. ಹೊಸ ಕಾರ್ಡ್ ಕೊಳ್ಳುವ ಮುನ್ನ ನಾನು ಕೇಳುವ ಮೊದಲ ಪ್ರಶ್ನೆ ಈಗ ಅದೇ.

ನೆರೆಯವನನ್ನು 70ಕ್ಕೆ ಏರಿಸಿದ್ದು ತೇಪೆಯಷ್ಟೇ. ಅವನ ಕೆಲಸ ಎಷ್ಟು ಹೊತ್ತು ಹಿಡಿದೀತೆಂದು ನಾನು ಬರೆದುಕೊಡಲಾರೆ. ಸ್ಲಾಟಿನಿಂದ ಸ್ಲಾಟಿಗೆ ತಂತಿಗಳು ಸರಿದು ಜೋಡಣೆಯಾಗಿರುತ್ತವಾದ್ದರಿಂದ ಕಾರ್ಡನ್ನು ಪಕ್ಕದ ಸ್ಲಾಟಿಗೆ ಹಾಕಿದೆ. ಅಲ್ಲಿ ಧ್ವನಿಯ ಚಿಪ್ ಜೊತೆಯಾಯಿತು. ಲೇತಿಗೆ ಹಾಡು ಬೇಡವೆಂದು ಅದನ್ನು ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ಆರಿಸಿದೆ. ಪಟ್ಟಿಯಲ್ಲಿ ನಮ್ಮ ಹೆಸರೊಂದೇ ಉಳಿಯಿತು. ಹೊರಡುವ ಮುನ್ನ ಪೆಟ್ಟಿಗೆಯ ಒಳಬದಿಯಲ್ಲಿ ಮಾರ್ಕರಿನಿಂದ ಬರೆದೆ: “ಈ ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕಬೇಡಿ.” ಏಕೆ ಎಂದು ಆಪರೇಟರ್ ಕೇಳಿದರು. ವಠಾರದ ಕಥೆ ಹೇಳಿದೆ. “ನಮ್ಮ ಶ್ರೀರಾಮಪುರದ ಮನೆಯಲ್ಲೂ ಹೀಗೇ ಇತ್ತು ಸರ್, ಮೇಲಿನ ಮನೆಯ ಅಜ್ಜಿ ಇಳಿದು ಬರುವಷ್ಟರಲ್ಲಿ ಪೋಸ್ಟ್‌ಮ್ಯಾನ್ ಹೋಗಿಬಿಟ್ಟಿರುತ್ತಿದ್ದರು” ಎಂದರು.